ಹಾಲೇಶಪ್ಪನ ಗೊರಕೆ

ನಗಿಸುವವನಿಗೆ ಸಿಟ್ಟು ಬರಬಾರದು ಎಂದು ಯಾರು ಕಾನೂನು ಮಾಡಿದರೋ ಗೊತ್ತಿಲ್ಲ. ನಲವತ್ತು ವರ್ಷ ಜನರನ್ನು ನಗಿಸಿದ್ದೇನೆ. ನಾಟಕ ಕಂಪನಿಯಲ್ಲಿ, ಆರ್ಕೆಸ್ಟ್ರಾದಲ್ಲಿ, ಮದುವೆ ಛತ್ರಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ, ಕಾಲೇಜಿನ ಗ್ಯಾದರಿಂಗುಗಳಲ್ಲಿ. ಅಷ್ಟೂ ವರ್ಷ ನನಗೆ ಸಿಟ್ಟು ಬಂದಾಗಲೆಲ್ಲ ಎದುರಿಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಅಳತೆ ಕಡಿಮೆ ಎಂದು ಜಗಳ ತೆಗೆದರೆ ಸಾಲಿನಲ್ಲಿ ನಿಂತವರು ನಕ್ಕರು. ನಮ್ಮ ತಾಯಿ ತೀರಿಕೊಂಡ ದಿನ ದಾವಣಗೆರೆಯ ಆನೆಕೊಂಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಮಾತಾಡಿಸಲು ಬಂದ ಒಬ್ಬ ಮಹಾನುಭಾವರು ಹೆಗಲ ಮೇಲೆ ಕೈಯಿಟ್ಟು, “ಏನ್ ಕೊಟ್ರಣ್ಣ, ಇವತ್ತಾದ್ರೂ ಸೀರಿಯಸ್ ಆಗಿದೀಯಲ್ಲ!” ಎಂದು ಹಲ್ಲು ಕಿರಿದರು.

ಈಗ ಹಲ್ಲು ಹೋಗಿವೆ, ಮಾತು ಜಾರುತ್ತದೆ, ಕಾರ್ಯಕ್ರಮ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಬರುವ ಹೊಸಬರು ಆಗಾಗ ಮನೆಗೆ ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಟೈಮಿಂಗ್ ಹೇಳಿಕೊಡಿ. ಮೊನ್ನೆ ಬಂದ ಒಬ್ಬ ಕಲಾವಿದ ಮಾತ್ರ ಏನೂ ಕೇಳಲಿಲ್ಲ, ಅವನೇ ನನಗೆ ಹೇಳಿಕೊಟ್ಟ. “ಈಗೆಲ್ಲ ಈಜಿ ಐತೆ ಸಾರ್. ಪ್ರೋಗ್ರಾಂ ಕೊಡೋರೇ ವಾಟ್ಸಾಪಿನಾಗೆ ಹೆಸ್ರು ಕಳಿಸ್ತಾರೆ. ಯಾರ ಕಾಲು ಎಳೀಬೇಕು, ಏನಂತ ಎಳೀಬೇಕು, ಎಲ್ಲಾ ರೆಡಿ. ನಾವು ಹೋಗಿ ಮೈಕ್ ಹಿಡಿಯೋದಷ್ಟೇ.” ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಅವನು ಮೊಬೈಲು ತೆಗೆದು, “ಇನ್ನೊಂದ್ಸಲ ಹಂಗೇ ಬೈರಿ ಸಾರ್, ವಿಡಿಯೋ ಮಾಡ್ಕಂತೀನಿ” ಎಂದ. ಬಾಯಲ್ಲಿ ಹೇಳಿದರೆ ನಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನನ್ನ ಮುಖ ಕಾಣುವುದಿಲ್ಲವಲ್ಲ.

ನನಗೆ ಈ ವಿದ್ಯೆ ಕಲಿಸಿದವರು ನಾಟಕ ಕಂಪನಿಯ ಹಿರಿಯ ಹಾಸ್ಯಗಾರರು. ನಾವೆಲ್ಲ ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದೆವು. ಕಂಪನಿ ಹೊಸ ಊರಿನಲ್ಲಿ ಕ್ಯಾಂಪ್ ಹಾಕಿತೆಂದರೆ ಉಳಿದವರು ತಗಡು, ಗಳ ಹೊತ್ತು ಥಿಯೇಟರು ಕಟ್ಟುತ್ತಿರುವಾಗ ಅಜ್ಜಾರು ಕೊಡೆ ಹಿಡಿದು ಪೇಟೆಗೆ ಹೊರಡುತ್ತಿದ್ದರು. ಕ್ಷೌರದಂಗಡಿಯಲ್ಲಿ ಅರ್ಧ ಗಂಟೆ, ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಅರ್ಧ ಗಂಟೆ, ಎಣ್ಣೆ ಗಾಣದ ಮುಂದೆ ಸ್ವಲ್ಪ ಹೊತ್ತು. ನಾಟಕದಲ್ಲಿ ಸೇವಕನ ಪಾತ್ರ ಮಾಡುತ್ತ ನಡುವೆ ಹಠಾತ್ತನೆ ಆ ಊರಿನ ಎಣ್ಣೆ ಅಂಗಡಿಯವರ ತಕ್ಕಡಿಯ ಮಾತು ಎತ್ತಿಬಿಡುತ್ತಿದ್ದರು. ಇಡೀ ಊರು ಎದ್ದು ಕೂಗುತ್ತಿತ್ತು. ಎಣ್ಣೆ ಅಂಗಡಿಯವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಇದರ ಗುಟ್ಟು ಕೇಳಿದಾಗ ಅಜ್ಜಾರು ಒಂದೇ ಮಾತು ಹೇಳಿದ್ದರು. “ಯಾರ ಹೆಸ್ರು ಸ್ಟೇಜಿನ ಮ್ಯಾಲೆ ತಗಂತೀಯೋ, ಅವರ ಜೋಡಿ ಮೊದ್ಲು ಕುಂತು ಚಾ ಕುಡಿ. ಚಾ ಕುಡೀವಾಗ ಗೊತ್ತಾಗ್ತೈತೆ, ಈತ ತನ್ನ ಮ್ಯಾಲೆ ತಾನು ನಕ್ಕೊಳ್ಳೋ ಮನುಷ್ಯನೋ ಅಲ್ಲೋ ಅಂತ.” ನಾನು ತಲೆ ಆಡಿಸಿದೆ. ತಲೆ ಆಡಿಸುವುದು ಬಹಳ ಸುಲಭದ ಕೆಲಸ.

ಕಂಪನಿ ಮುಚ್ಚಿತು. ಆರ್ಕೆಸ್ಟ್ರಾ ಸೇರಿದೆ. ಅಲ್ಲಿನ ಮಾಲೀಕರ ಲೆಕ್ಕದಲ್ಲಿ ನಾನು ಕಲಾವಿದನೇ ಅಲ್ಲ, ಎರಡು ಹಾಡುಗಳ ನಡುವಿನ ತೂತಿಗೆ ಹಚ್ಚುವ ತೇಪೆ. ಕೀಬೋರ್ಡಿನ ವೈರು ಸಡಿಲವಾದರೆ, “ಕೊಟ್ರಪ್ಪ, ಹೋಗ್ರಿ ಹೋಗ್ರಿ, ವೈರ್ ಸರಿ ಆಗೋ ತನಕ ನಗಿಸ್ರಿ” ಎಂದು ತಳ್ಳುತ್ತಿದ್ದರು. ವೈರು ಸರಿಯಾದ ಕೂಡಲೇ ನನ್ನ ಮಾತು ಅರ್ಧದಲ್ಲಿರುವಾಗಲೇ ಡ್ರಮ್ಮು ಬಡಿಯುತ್ತಿತ್ತು. ಎಷ್ಟೋ ಜೋಕುಗಳ ಕೊನೆ ದಾವಣಗೆರೆಯ ಜನ ಇವತ್ತಿಗೂ ಕೇಳಿಲ್ಲ. ಟೈಮಿಂಗ್ ಬಗ್ಗೆ ನನ್ನನ್ನು ಕೇಳುವವರು ಆ ಡ್ರಮ್ಮಿನವನನ್ನು ಕೇಳಬೇಕು.

ಆ ಅವಮಾನ ಸಾಕಾಗಿ ಒಬ್ಬನೇ ಕಾರ್ಯಕ್ರಮ ಕೊಡಲು ಶುರು ಮಾಡಿದೆ. ಅದು ತೊಂಬತ್ತರ ದಶಕದ ಕೊನೆಯ ಭಾಗ. ಮನೆಮನೆಗೆ ಕೇಬಲ್ ಬಂದಿತ್ತು. ಟಿ.ವಿ.ಯಲ್ಲಿ ಸಿಗದ ನಗು ಕೊಟ್ಟರೆ ಮಾತ್ರ ಜನ ಕೂರುತ್ತಾರೆ ಎಂದು ನನಗೆ ಗೊತ್ತಿತ್ತು. ಟಿ.ವಿ.ಯಲ್ಲಿ ಸಿಗದ್ದು ಒಂದೇ, ಅವರ ಊರಿನವರ ಹೆಸರು. ಆದರೆ ವಾರಕ್ಕೆ ಮೂರು ಊರು ತಿರುಗುವವನು ಎಲ್ಲೆಲ್ಲಿ ಹೋಗಿ ಯಾರ್ಯಾರ ಜೊತೆ ಚಹಾ ಕುಡಿಯುತ್ತಾನೆ? ಅದಕ್ಕೆ ಒಂದು ಉಪಾಯ ಮಾಡಿದೆ. ಕಾರ್ಯಕ್ರಮ ಏರ್ಪಡಿಸಿದವರಿಂದ ಮುಂಚೆಯೇ ಒಂದು ಚೀಟಿ ತರಿಸಿಕೊಳ್ಳುವುದು. ಐದಾರು ಜನರ ಹೆಸರು, ಅವರ ಉದ್ಯೋಗ, ಮುಂದೆ ಒಂದೊಂದು ಗುಣ: ಹೊಟ್ಟೆ, ಮೀಸೆ, ಜಿಪುಣ, ಮಾವ ಕೊಟ್ಟ ಸ್ಕೂಟರು. ಬಸ್ಸಿನಲ್ಲಿ ಅರ್ಧ ಗಂಟೆ ಚೀಟಿ ನೋಡಿದರೆ ಸಾಕು, ಹರಿಹರ ಬರುವ ಹೊತ್ತಿಗೆ ಅರ್ಧ ಊರೇ ನನ್ನ ಬಾಯಲ್ಲಿರುತ್ತಿತ್ತು. ಜನ ಬೆರಗಾಗುತ್ತಿದ್ದರು. ನಾನು ಬೀಗುತ್ತಿದ್ದೆ.

ಲೋಕಿಕೆರೆಯಲ್ಲಿ ಒಂದು ಪೆಟ್ಟು ಬಿತ್ತು. ಯುವಕ ಸಂಘದವರ ಚೀಟಿಯಲ್ಲಿ “ಶಿವಣ್ಣ – ಎಮ್ಮೆ” ಎಂದಿತ್ತು. ಎಮ್ಮೆಯ ಮೇಲೆ ಬಲು ಪ್ರೀತಿ ಇರುವ ಮನುಷ್ಯ ಇರಬೇಕು ಎಂದುಕೊಂಡೆ. ಹೆಂಡತಿ ತವರಿಗೆ ಹೋದರೆ ಶಿವಣ್ಣ ಆರಾಮಾಗಿರುತ್ತಾನೆ, ಎಮ್ಮೆ ಮೇಯಲು ಹೋದರೆ ಊಟ ಬಿಡುತ್ತಾನೆ ಎಂದು ಐದು ನಿಮಿಷ ಎಮ್ಮೆ ಪುರಾಣ ಹೇಳಿದೆ. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಆ ಎಮ್ಮೆ ಅವತ್ತು ಬೆಳಿಗ್ಗೆಯೇ ಸತ್ತಿತ್ತು. ಚೀಟಿ ಬರೆದದ್ದು ಹಿಂದಿನ ದಿನ. ಹಿರಿಯರೊಬ್ಬರು ಎದ್ದು, “ಸತ್ತದ್ದರ ಮ್ಯಾಲೆ ಯಾಕ್ರಿ ನಗಿಸ್ತೀರಿ? ಇಳೀರಿ ಕೆಳಗ” ಎಂದರು. ಇಳಿದೆ. ಆದರೆ ತಪ್ಪು ಯಾರದು ಎಂದುಕೊಂಡೆ ಗೊತ್ತೇ? ಚೀಟಿ ಬರೆದವರದು! ಇನ್ನು ಮೇಲೆ ಅವತ್ತಿನ ಚೀಟಿ ಅವತ್ತೇ ತರಿಸಬೇಕು ಎಂದು ತೀರ್ಮಾನಿಸಿ ಬಸ್ಸು ಹತ್ತಿದೆ. ಎಂಥ ದಡ್ಡ ಇರಬೇಕು ನಾನು.

ಇನ್ನು ಹೇಳಬೇಕಾದ ಮಾತಿಗೆ ಬರುತ್ತೇನೆ. ಹರಿಹರದ ಪಕ್ಕದ ಗುತ್ತೂರಿನ ಕಡೆ ಒಂದು ಸಣ್ಣ ಕಾರ್ಖಾನೆ ಇತ್ತು. ಲೇತ್ ಮಷಿನ್ನುಗಳಲ್ಲಿ ಕಬ್ಬಿಣ ಕಡೆದು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಹೆಸರು ಬೇಡ, ಈಗ ಅದು ಇಲ್ಲ. ಅಲ್ಲಿ ಒಂದು ಭಾನುವಾರ ಬೆಳಿಗ್ಗೆ ಕುಟುಂಬ ದಿನ ಇಟ್ಟುಕೊಂಡಿದ್ದರು. ಕೆಲಸಗಾರರು, ಹೆಂಡಿರು ಮಕ್ಕಳು ಎಲ್ಲರಿಗೂ ತಿಂಡಿ, ಆಟ, ಆಮೇಲೆ ನನ್ನ ಹಾಸ್ಯ. ನನ್ನನ್ನು ಗೊತ್ತು ಮಾಡಿದವರು ಅಲ್ಲಿನ ಪರ್ಸನೆಲ್ ಆಫೀಸರು, ಅಂದರೆ ಕೆಲಸಗಾರರ ಹಾಜರಿ, ರಜೆ, ನೋಟಿಸು ನೋಡಿಕೊಳ್ಳುವವರು. ನಾನು ರೂಢಿಯಂತೆ ಫೋನಿನಲ್ಲಿ ಚೀಟಿ ಕೇಳಿದೆ.

“ಎಂಥ ಚೀಟಿ?” ಎಂದರು. ವಿವರಿಸಿದೆ. ಆ ಕಡೆ ಕಾಗದ ಸರಿಸಿದ ಸದ್ದು ಕೇಳಿತು. ಆಮೇಲೆ, “ಒಳ್ಳೆ ಐಡಿಯಾ ಕಣ್ರಿ. ಎಷ್ಟು ಹೆಸರು ಬೇಕು?” ಎಂದರು.

“ಐದಾರು ಸಾಕು ಸಾರ್.”

“ಏಳು ಕೊಡ್ತೀನಿ.”

ಹಸಿರು ಶಾಯಿಯಲ್ಲಿ, ಗೆರೆ ಎಳೆದು, ಅಚ್ಚುಕಟ್ಟಾಗಿ ಬರೆದ ಚೀಟಿ ಬಂತು. ಹಾಲೇಶಪ್ಪ – ಲೇತ್ ಮಷಿನ್ – ನಿದ್ದೆ. ಖಾಜಾಸಾಬ್ – ಪ್ಯಾಕಿಂಗ್ – ಚಹಾ. ಇನ್ನೊಬ್ಬರು ತಡ, ಇನ್ನೊಬ್ಬರು ಬೀಡಿ, ಮತ್ತೊಬ್ಬರು ಅಜ್ಜಿ ಸತ್ತಳೆಂದು ಮೂರು ಸಲ ರಜೆ. ಇಷ್ಟು ಚೆಂದದ ಚೀಟಿ ನನಗೆ ಯಾರೂ ಕೊಟ್ಟಿರಲಿಲ್ಲ. ಏಳು ಹೆಸರಿನ ಮುಂದೆ ಒಂದು ಹೊಟ್ಟೆ ಇಲ್ಲ, ಒಂದು ಮೀಸೆ ಇಲ್ಲ, ಎಲ್ಲವೂ ಕೆಲಸದ ತಪ್ಪುಗಳೇ. ಅದು ನನ್ನ ಕಣ್ಣಿಗೆ ಬೀಳಬೇಕಿತ್ತು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು, ಗಿರಣಿಯ ಗೇಟಿಗೆ ಕೆಲಸದಿಂದ ತೆಗೆದವರ ಹೆಸರಿನ ಪಟ್ಟಿ ಅಂಟಿಸಿದ ದಿನ ಅವರ ಮುಖ ಹೇಗಿತ್ತೆಂದು ನೋಡಿದ ಮಗ ನಾನು. ಆ ಮಗ ಈ ಪಟ್ಟಿ ಹಿಡಿದುಕೊಂಡು, ಆಹಾ, ಏನು ಐಟಂ ಸಿಕ್ಕಿತು ಎಂದು ಬಸ್ಸಿನಲ್ಲಿ ಒಬ್ಬನೇ ನಗುತ್ತ ಹೋದ.

ಶಾಮಿಯಾನಾ ತುಂಬಿತ್ತು. ಉಪ್ಪಿಟ್ಟು, ಕೇಸರಿಬಾತು ತಿಂದು ಎಲ್ಲರೂ ನಗಲು ತಯಾರಾಗಿ ಕೂತಿದ್ದರು. ಖಾಜಾಸಾಬರನ್ನು ಎತ್ತಿದೆ: ಇವರು ಚಹಾ ಕುಡಿಯಲು ಹೋದರೆ ಎಲೆ ಅಸ್ಸಾಮಿನಿಂದ ಬರುವ ತನಕ ಕಾಯುತ್ತಾರೆ. ನಕ್ಕರು. ಚೀಟಿಯ ಉಳಿದವರನ್ನೂ ಒಬ್ಬೊಬ್ಬರಾಗಿ ಎತ್ತಿದೆ. ಕೊನೆಗೆ, “ಎಲ್ಲದಾರೆ ನಮ್ಮ ಹಾಲೇಶಪ್ಪನೋರು? ಇವರ ಲೇತು ಈ ಕಡೆ ತಿರುಗ್ತೈತೆ, ಇವರು ಆ ಕಡೆ ತಿರುಗಿ ಮಲಗ್ತಾರೆ!” ಎಂದೆ. ಶಾಮಿಯಾನಾ ಹಾರಿಹೋಗುವಂಥ ನಗು.

ಹಾಲೇಶಪ್ಪ ಎದ್ದು ನಿಂತರು. ಐವತ್ತರ ಹತ್ತಿರದ, ತೆಳ್ಳಗಿನ, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ನಾಚುತ್ತ ಕೈ ಮುಗಿದರು. ಪಕ್ಕದಲ್ಲಿ ಅವರ ಹೆಂಡತಿ ಗಂಗಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನು ಕೆಳಗಿಳಿದು ಅವರ ಬಾಯಿಗೆ ಮೈಕು ಹಿಡಿದೆ. “ಎಲ್ಲಿ, ಒಂದು ಸ್ಯಾಂಪಲ್ ತೋರಿಸ್ರಿ.” ಅವರು ಹೆಂಡತಿಯ ಕಡೆ ಒಮ್ಮೆ ನೋಡಿದರು. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಮೈಕಿನಲ್ಲಿ ಒಂದು ಗೊರಕೆ ಹೊಡೆದರು. ಎಂಥ ಗೊರಕೆ! ಏರಿ, ಇಳಿದು, ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ. ಗಂಗಮ್ಮನವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. “ಒನ್ಸ್ ಮೋರ್” ಎಂದು ಕೂಗು ಬಂತು. ಹಾಲೇಶಪ್ಪ ಇನ್ನೊಮ್ಮೆ ಹೊಡೆದರು. ಸ್ಪೀಕರಿನ ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್ ತಿರುಗುತ್ತಿತ್ತು. “ನೆನಪಿಗೆ ಇರ್ಲಿ ಅಂತ” ಎಂದಿದ್ದರು ಆಫೀಸರು.

ಮೂರು ವಾರ ಕಳೆದ ಮೇಲೆ ಖಾಜಾಸಾಬರು ಆನೆಕೊಂಡದ ನಮ್ಮ ಮನೆ ಹುಡುಕಿಕೊಂಡು ಬಂದರು. “ಕೂಡ್ರಿ” ಎಂದರೆ ಕೂಡಲಿಲ್ಲ.

“ಏಳೂ ಮಂದಿಗೆ ನೋಟಿಸ್ ಬಂದೈತ್ರಿ. ನೀವು ಅವತ್ತು ಯಾರ್ಯಾರ ಹೆಸ್ರು ಹೇಳಿದ್ರಿ, ಅವರಿಗೇ. ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ನೀವೇ ಬಿಟ್ಟು ಹೋಗ್ತೀರೋ, ವಿಚಾರಣೆ ಮಾಡಿ ತೆಗೀಬೇಕೋ ಅಂತಾರೆ. ಐದು ಮಂದಿ ಹೆದರ್ಕಂಡು ರಾಜೀನಾಮೆಗೆ ಸೈನ್ ಹಾಕ್ಯಾರೆ. ನಾನು, ಹಾಲೇಶಪ್ಪ ಹಾಕಿಲ್ಲ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಖರೇ ಹೇಳ್ರಿ ಕೊಟ್ರಣ್ಣ, ನಿಮಗ ಮೊದ್ಲೇ ಗೊತ್ತಿತ್ತೇನ್ರಿ?”

ಗೊತ್ತಿರಲಿಲ್ಲ ಎಂದು ದೇವರ ಆಣೆ ಹಾಕಿದೆ. ಗೊತ್ತಿಲ್ಲದಿರುವುದು ಒಂದು ಸಮಾಧಾನ ಎಂದು ಅವತ್ತು ನನಗೆ ಅನ್ನಿಸಿತ್ತು. ಅವರೇ ಹಾಲೇಶಪ್ಪನ ಕಥೆ ಹೇಳಿದರು. ಇನ್ನೊಬ್ಬ ಲೇತಿನವನು ಕೆಲಸ ಬಿಟ್ಟುಹೋದ ಮೇಲೆ ತಿಂಗಳುಗಟ್ಟಲೆ ಎರಡು ಪಾಳಿ ಇವರೊಬ್ಬರೇ ನಿಂತು ಮಾಡಿದ್ದರು. ಊಟದ ಬಿಡುವಿನಲ್ಲಿ ಡಬ್ಬಿ ಬೇಗ ಮುಗಿಸಿ ಹತ್ತು ನಿಮಿಷ ಗೋಡೆಗೆ ಒರಗುತ್ತಿದ್ದರು. ಅದೇ ನಿದ್ದೆ. ಊಟದ ಬಿಡುವಿನ ನಿದ್ದೆ! ಹಸಿರು ಶಾಯಿಯವರು ಅದನ್ನು ಮಾತ್ರ ಬರೆದಿರಲಿಲ್ಲ.

ಕಾರ್ಯಕ್ರಮದ ಕೋಟಿನ ಜೇಬಿನಲ್ಲಿ ಚೀಟಿ ಇನ್ನೂ ಇತ್ತು. ಅದನ್ನು ಹಿಡಿದು ಅವರಿಬ್ಬರ ಪರ ಸಾಕ್ಷಿ ಹೇಳಲು ವಿಚಾರಣೆಗೆ ಹೋದೆ. ಹೋದರೆ ಮುಂದೆ ಯಾವ ಕಾರ್ಖಾನೆಯವರೂ ಕರೆಯುವುದಿಲ್ಲ ಎಂದು ಗೊತ್ತಿತ್ತು, ಹೋದೆ. ವಿಚಾರಣೆ ನಡೆಸಲು ಹೊರಗಿನಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಒಬ್ಬ ಟೈಪಿಸ್ಟು, ಆ ಆಫೀಸರು, ಈ ಕಡೆ ಖಾಜಾಸಾಬ್, ಹಾಲೇಶಪ್ಪ. ಮೇಜಿನ ಮೇಲೆ ಅದೇ ಟೇಪ್ ರೆಕಾರ್ಡರ್. ಗುಂಡಿ ಒತ್ತಿದರು. ನನ್ನ ದನಿ ಬಂತು, ನಗು ಬಂತು, ಆಮೇಲೆ ಗೊರಕೆ ಬಂತು.

“ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡ್ತೀನಿ ಅಂತ ಇವರೇ ಎಲ್ಲರ ಮುಂದೆ ಒಪ್ಪಿಕೊಂಡಿದಾರೆ” ಎಂದರು ಆಫೀಸರು. “ಎರಡು ಸಲ.”

ನಾನು ಚೀಟಿ ಮೇಜಿನ ಮೇಲೆ ಇಟ್ಟೆ. “ಇದನ್ನ ಬರೆದೋರು ಇವರೇ ಸ್ವಾಮಿ!” ಎಂದೆ. ಆಫೀಸರು ಮುಖದ ಒಂದು ಗೆರೆಯನ್ನೂ ಅಲುಗಾಡಿಸಲಿಲ್ಲ. “ಹೌದು, ನಾನೇ ಬರೆದದ್ದು. ಕಲಾವಿದರು ಕೇಳಿದ್ರು, ಕೊಟ್ಟೆ. ಕೇಳಿದ್ದು ಸುಳ್ಳಾ ಕೊಟ್ರಪ್ಪನೋರೆ?”

ಸುಳ್ಳಲ್ಲವಲ್ಲ. ಆಗ ನನ್ನ ಸಿಟ್ಟು ನೆತ್ತಿಗೇರಿತು. “ತಮಾಷೆ ಕಣ್ರೀ ಅದು! ತಮಾಷೆಗೆ ಹೊಡೆದ ಗೊರಕೆ ಹಿಡ್ಕಂಡು ಒಬ್ಬರ ಹೊಟ್ಟೆ ಮ್ಯಾಲೆ ಹೊಡೀತೀರೇನ್ರೀ? ನಾಳೆ ನಾನು ಸ್ಟೇಜಿನ ಮ್ಯಾಲೆ ಸತ್ತಂಗೆ ಬಿದ್ರೆ ಮಣ್ಣು ಮಾಡ್ತೀರೇನ್ರೀ?” ಎಂದು ಕೂಗಿದೆ. ಸಿಟ್ಟಿನಲ್ಲಿ ನನ್ನ ದನಿ ಕೀರಲಾಗುತ್ತದೆ, ಹುಬ್ಬು ಹಣೆಗೇರುತ್ತದೆ. ಅತ್ತೆ ಸೊಸೆ ಜಗಳ ಮಾಡಿ ತೋರಿಸುವಾಗಿನ ದನಿಯೂ ಅದೇ, ಹುಬ್ಬೂ ಅದೇ. ಟೈಪಿಸ್ಟು ತುಟಿ ಕಚ್ಚಿಕೊಂಡರು, ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕರು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕಕ್ಕೆ ನೋಡಿದರೆ ನಮ್ಮ ಖಾಜಾಸಾಬರೂ ತಲೆ ತಗ್ಗಿಸಿ ಭುಜ ಕುಲುಕಿಸುತ್ತಿದ್ದರು. ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ಗಂಭೀರವಾದ ಮಾತಿಗೆ ಆ ಕೋಣೆ ನಕ್ಕಿತು. ನಗದೆ ಇದ್ದವರು ಹಾಲೇಶಪ್ಪ ಒಬ್ಬರೇ.

ನಗು ಇಳಿದ ಮೇಲೆ ವಕೀಲರು ಕೇಳಿದರು. “ಇವರು ನಿದ್ದೆ ಮಾಡಿದ್ದನ್ನ ನೀವು ಕಂಡಿದೀರಾ?”

“ಇಲ್ಲ.”

“ಅದಕ್ಕೆ ಮೊದಲು ಇವರ ಪರಿಚಯ ಇತ್ತಾ?”

“ಇಲ್ಲ ಸ್ವಾಮಿ, ಅದನ್ನೇ ಹೇಳ್ತಿರೋದು. ಈ ಮನುಷ್ಯ ಯಾರು ಅಂತ್ಲೇ ನಂಗೆ ಗೊತ್ತಿರ್ಲಿಲ್ಲ!”

“ಗೊತ್ತಿಲ್ಲದ ಮನುಷ್ಯನ ಬಗ್ಗೆ ಅಷ್ಟು ಜನರ ಮುಂದೆ ಹೆಂಡತಿ ಎದುರಿಗೆ ಯಾಕೆ ಹೇಳಿದ್ರಿ?”

ಆ ಆಫೀಸರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಬಾಯನ್ನು ಬಾಡಿಗೆಗೆ ತೆಗೆದುಕೊಂಡು, ಅದರಲ್ಲಿ ತನ್ನ ಮಾತು ತುಂಬಿ, ನಾಲ್ಕು ಜನರನ್ನು ನಗಿಸುತ್ತಲೇ ಏಳು ಜನರ ಅನ್ನ ಕಿತ್ತುಕೊಂಡ ಮನುಷ್ಯ. ಇಂಥ ಕೆಲಸವನ್ನು ಹಸಿರು ಶಾಯಿಯಲ್ಲಿ ಗೆರೆ ಎಳೆದು ಮಾಡುವವರನ್ನು ನಾವು ವಿದ್ಯಾವಂತರು ಎನ್ನುತ್ತೇವೆ. ಆದರೆ ವಕೀಲರ ಪ್ರಶ್ನೆ ನ್ಯಾಯವಾಗಿತ್ತು. ನಾನು ಸುಮ್ಮನೆ ನಿಂತಿದ್ದನ್ನು ಟೈಪಿಸ್ಟು ಟೈಪು ಮಾಡಿಕೊಂಡರು.

ಹಾಲೇಶಪ್ಪನ ಕೆಲಸ ಹೋಯಿತು. ಖಾಜಾಸಾಬರದೂ ಹೋಯಿತು, ಅವರು ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಅಂಗಡಿ ಇಟ್ಟರು. “ನೀವು ಜೋಕ್ ಮಾಡಿದ್ದು ಇದೊಂದಾದ್ರೂ ಖರೇ ಆತು ನೋಡ್ರಿ, ಈಗ ದಿನಾ ಚಾದಾಗೇ ಇರ್ತೀನಿ” ಎಂದು ಅವರೇ ನಕ್ಕರು. ಅವರು ದೊಡ್ಡ ಮನಸ್ಸಿನವರು. ಅವರ ಅಂಗಡಿಯಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ.

ಆಮೇಲೆ ನಾನು ಚೀಟಿ ಮುಟ್ಟಲಿಲ್ಲ. ಹಿಂದಿನ ದಿನವೇ ಊರಿಗೆ ಹೋಗಿ, ಕೂತು, ಮಾತಾಡಿ, “ನಿಮ್ಮ ಹೆಸ್ರು ತಗಳ್ಳಲೇನ್ರಿ?” ಎಂದು ಬಾಯಿಬಿಟ್ಟು ಕೇಳುತ್ತಿದ್ದೆ. ಕಾರ್ಯಕ್ರಮ ಅರ್ಧಕ್ಕರ್ಧ ಕಡಿಮೆಯಾಯಿತು. ಕೊಟ್ರಪ್ಪನಿಗೆ ವಯಸ್ಸಾಯಿತು, ಮೊದಲಿನ ಖಾರ ಇಲ್ಲ ಎಂದರು. ಯಾರದೋ ಗಾಯಕ್ಕೆ ಹಚ್ಚಿದ ಖಾರ ಇವರಿಗೆ ರುಚಿ! ಎಂದುಕೊಂಡೆ.

ಗುತ್ತೂರಿನ ಹಾಲೇಶಪ್ಪನ ಮನೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು. ಮಧ್ಯಾಹ್ನದ ಹೊತ್ತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. “ಬರ್ರಿ, ಕೂಡ್ರಿ” ಎಂದು ಚಾಪೆ ಸರಿಸಿದರು. ಒಳಗೆ ತಿರುಗಿ, “ಏ, ಚಾ ಇಡು, ಕೊಟ್ರಣ್ಣ ಬಂದಾರೆ” ಎಂದರು. ತಪ್ಪಾಯಿತು ಎನ್ನಲು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಮೊದಲ ಮಾತಿಗೇ ಅವರು ತಡೆದರು.

“ನೀವು ಮೈಕ್ ಹಿಡಿದ್ರಿ, ಖರೇ. ಗೊರಕಿ ಹೊಡೆದೋನು ನಾನಲ್ರಿ? ಇಪ್ಪತ್ತು ವರ್ಷ ಆಗಿತ್ತು ನಮ್ಮ ಲಗ್ನ ಆಗಿ. ಆಕಿ ಹಂಗೆ ನಕ್ಕಿದ್ದು ನಾ ಒಂದು ದಿನಾನೂ ನೋಡಿರ್ಲಿಲ್ಲ. ಇನ್ನೊಂದ್ಸಲ ನೋಡಾಣ ಅಂತ ಎರಡನೇ ಸಲ ಹೊಡೆದೆ.”

ತಲೆ ಎತ್ತಿದರೆ ಗಂಗಮ್ಮನವರು ಬಾಗಿಲಲ್ಲಿ ನಿಂತಿದ್ದರು. ಎರಡು ಕೈಯಲ್ಲಿ ಎರಡು ಲೋಟ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಗಂಡನನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಲೋಟವನ್ನು ಗಂಡನ ಮುಂದೆ ಇಟ್ಟರು. ಇನ್ನೊಂದನ್ನು ಹಿಡಿದುಕೊಂಡೇ ಒಳಗೆ ಹೋದರು.

ಹಾಲೇಶಪ್ಪ ಕರೆದರು. ಎರಡು ಸಲ ಕರೆದರು. ಆಕೆ ಬರಲಿಲ್ಲ. ನಾನು ಎದ್ದು ಬಸ್ಸಿಗೆ ನಡೆದೆ.